ಏಳು ಸೀಳಿನ ಬಾನೆಟ್ ಎಲ್ಲಿ ಹೋಯಿತು? ಕೊರಿಯರ್ ಕಂಪನಿಗೆ ಒಂದು ದೂರು

ಗೆ,
ಶಾಖಾ ವ್ಯವಸ್ಥಾಪಕರು, ಬಳ್ಳಾರಿ ಶಾಖೆ

ಪ್ರತಿ: ಗ್ರಾಹಕರ ದೂರು ವಿಭಾಗ, ಮುಖ್ಯ ಕಚೇರಿ, ಬೆಂಗಳೂರು

ವಿಷಯ: ಏಪ್ರಿಲ್ 9ರಂದು ಬೆಂಗಳೂರಿನಲ್ಲಿ ಬುಕ್ ಆದ ಪಾರ್ಸೆಲ್ ಒಡೆದು, ಅರ್ಧ ಸಾಮಾನು ಕಳೆದು ಬಂದ ಬಗ್ಗೆ, ಮತ್ತು ನಿಮ್ಮ ಕೌಂಟರಿನಲ್ಲಿ ನನಗಾದ ಅವಮಾನದ ಬಗ್ಗೆ.

ಮಾನ್ಯರೇ,

ನಿನ್ನೆ ಸಂಜೆ ನನ್ನ ಫೋನಿಗೆ ನಿಮ್ಮ ಕಂಪನಿಯಿಂದ ಮೆಸೇಜ್ ಬಂತು. ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಅಂತ. ಏನು ಪರಿಹರಿಸಿದಿರಿ? ಕಳೆದದ್ದು ಸಿಗಲಿಲ್ಲ. ದುಡ್ಡು ಬರಲಿಲ್ಲ. ಒಬ್ಬರಾದರೂ ಫೋನ್ ಮಾಡಿ ತಪ್ಪಾಯಿತು ಅನ್ನಲಿಲ್ಲ. ಪಾರ್ಸೆಲ್ ಕೈಗೆ ಬಂದಾಗಿನಿಂದ ನಾಲ್ಕು ಸಲ ಫೋನ್ ಮಾಡಿದ್ದೇನೆ, ಎರಡು ಸಲ ನಿಮ್ಮ ಆಫೀಸಿಗೆ ಬಂದಿದ್ದೇನೆ. ಒಂದು ಸಲವೂ ದನಿ ಏರಿಸಿಲ್ಲ. ಆ ಮೆಸೇಜ್ ಓದಿದ ಮೇಲೆ ಇನ್ನು ಬಾಯಿಮಾತು ಸಾಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಕಳೆದದ್ದು ಏನು ಅಂತ ನಿಮ್ಮಲ್ಲಿ ಯಾರೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅದಕ್ಕೇ ಮೊದಲಿಂದ ಹೇಳುತ್ತೇನೆ.

ನಾನು ಕೌಲ್ ಬಜಾರಿನಲ್ಲಿ ಟಿಂಕರಿಂಗ್ ಕೆಲಸ ಮಾಡುವವನು. ಹಗಲು ದೊಡ್ಡ ಗಾಡಿಗಳ ಡೆಂಟ್ ತೆಗೆಯುತ್ತೇನೆ. ರಾತ್ರಿ ಊಟ ಆದ ಮೇಲೆ ಸಣ್ಣ ಗಾಡಿ ಕಟ್ಟುತ್ತೇನೆ. ಒಂದಕ್ಕೆ ಇಪ್ಪತ್ತನಾಲ್ಕು ಅಳತೆಯ ಮಾಡೆಲ್ ಗಾಡಿಗಳು. ಅಂದರೆ ನಿಜವಾದ ಗಾಡಿಯಲ್ಲಿ 24 ಮಿಲಿಮೀಟರ್ ಇದ್ದದ್ದು ಇಲ್ಲಿ ಒಂದೇ ಮಿಲಿಮೀಟರ್. ಹೊಸ ಕಿಟ್, ಅಂದರೆ ಜೋಡಿಸಬೇಕಾದ ಬಿಡಿಭಾಗಗಳ ಡಬ್ಬಿ, ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಯಾರೋ ಅರ್ಧ ಕಟ್ಟಿ ಬಿಟ್ಟದ್ದು, ಟೈರ್ ಇಲ್ಲದ್ದು, ಸ್ಟೇರಿಂಗ್ ಕಳೆದದ್ದು, ಡಬ್ಬಿಯೇ ಇಲ್ಲದ್ದು, ಇಂಥವನ್ನೇ ಹುಡುಕಿ ತರುತ್ತೇನೆ. ಎರಡು ಹಾಳಾದ ಕಿಟ್ ಸೇರಿಸಿದರೆ ಒಂದು ಒಳ್ಳೆಯ ಗಾಡಿ ಆಗುತ್ತದೆ. ಇಲ್ಲದ ಭಾಗ ನಾನೇ ಮಾಡುತ್ತೇನೆ.

ಈ ಸಲದ್ದು ಇಟಲಿಯ ಇಟಲೇರಿ ಕಂಪನಿಯ ವಿಲ್ಲಿಸ್ ಜೀಪ್ ಕಿಟ್. ಹಿಂದಿನವರು ಅಂಟು ಸುರಿದು, ದಪ್ಪಗೆ ಬಣ್ಣ ಬಳಿದು ಬಿಟ್ಟಿದ್ದರು. ಎರಡು ಟೈರ್ ಇರಲಿಲ್ಲ. ಇದ್ದ ಎರಡು ಟೈರುಗಳು ವರ್ಷಗಟ್ಟಲೆ ಒತ್ತಿಕೊಂಡು ಕೂತು ಪ್ಲಾಸ್ಟಿಕ್ ರಿಮ್ಮನ್ನೇ ತಿಂದುಬಿಟ್ಟಿದ್ದವು. ಹಳೆ ಕಿಟ್‌ಗಳಲ್ಲಿ ಇದು ಜಾಸ್ತಿ ಆಗುತ್ತದೆ. ಟೈರಿನ ಮೆತ್ತನೆ ಪ್ಲಾಸ್ಟಿಕ್‌ನಲ್ಲಿರುವ ಎಣ್ಣೆಯಂಥ ಪದಾರ್ಥ ಹೊರಗೆ ಬಂದು ರಿಮ್ಮಿಗೆ ಇಳಿಯುತ್ತದೆ, ರಿಮ್ ಕರಗಿ ಅಂಟಾಗುತ್ತದೆ. ಬಣ್ಣ ಬಿಡಿಸಲು ಬಾಡಿಯನ್ನು ರಾತ್ರಿಯೆಲ್ಲ ಬ್ರೇಕ್ ಆಯಿಲ್‌ನಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದೆ. ಕೀಲುಗಳ ಅಂಟು ಬಿಡಿಸಿದೆ. ಅಷ್ಟಕ್ಕೇ ಎರಡು ವಾರ ಹೋಯಿತು.

ಆದರೆ ನನಗೆ ಬೇಕಾದದ್ದು ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪ್ ಅಲ್ಲ. ನಮ್ಮ ಕಡೆ ಓಡಾಡಿದ ಮಹೀಂದ್ರ ಜೀಪ್. ನನಗೆ ಈ ಕೆಲಸ ಕಲಿಸಿದ ಉಸ್ತಾದರ ಗ್ಯಾರೇಜಿನಲ್ಲಿ ಅಂಥದ್ದೊಂದು ಇತ್ತು. ಸಂಡೂರು ದಾರಿಯಲ್ಲಿ ಅದಿರು ಲಾರಿ ಕೆಟ್ಟು ನಿಂತರೆ ಸಾಮಾನು ತುಂಬಿಕೊಂಡು ಹೋಗುತ್ತಿದ್ದದ್ದು ಅದೇ ಜೀಪ್. ನಾನು ಗೇರ್ ಹಾಕಲು ಕಲಿತದ್ದು ಅದರಲ್ಲೇ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ ಮೇಲೆ ನಮ್ಮ ಗ್ಯಾರೇಜಿಗೆ ಕೆಲಸ ಬರುವುದೇ ನಿಂತಿತು. ಉಸ್ತಾದರು ಆ ಜೀಪನ್ನು ಗುಜರಿಗೆ ಕೊಟ್ಟರು. ಅವತ್ತು ಅವರು ಮನೆಗೆ ನಡೆದುಕೊಂಡು ಹೋದರು. ಈಗ ಅವರಿಗೆ ವಯಸ್ಸಾಗಿದೆ, ಗ್ಯಾರೇಜಿಗೆ ಬರುವುದಿಲ್ಲ. ಈ ಬೇಸಿಗೆಯೊಳಗೆ ಆ ಜೀಪನ್ನು ಅವರ ಕೈಯಲ್ಲಿ ಇಡುತ್ತೇನೆ ಅಂತ ಮಾತು ಕೊಟ್ಟಿದ್ದೆ.

ವಿಲ್ಲಿಸ್ ಜೀಪಿಗೂ ನಮ್ಮ ಹಳೆ ಮಹೀಂದ್ರಕ್ಕೂ ಚಕ್ರದಿಂದ ಚಕ್ರಕ್ಕೆ ದೂರ ಒಂದೇ, 80 ಇಂಚು. ಹಾಗಾಗಿ ಕಿಟ್‌ನ ಚಾಸಿಗೆ ಕೈ ಹಚ್ಚಬೇಕಿಲ್ಲ. ಮುಖ ಮಾತ್ರ ಬೇರೆ. ವಿಲ್ಲಿಸ್‌ನ ಗ್ರಿಲ್ಲಿಗೆ, ಅಂದರೆ ಮುಂದಿನ ಜಾಲರಿಗೆ, ಒಂಬತ್ತು ಸೀಳು, ನಮ್ಮದಕ್ಕೆ ಏಳು. ನಮ್ಮದು ಸಿಜೆ 3ಬಿ ಮಾದರಿಯದ್ದು. ಅದರ ಎಂಜಿನ್‌ನಲ್ಲಿ ಗಾಳಿ ಒಳಗೆ ಬಿಡುವ ವಾಲ್ವ್‌ಗಳು ಹೆಡ್‌ನಲ್ಲಿ, ಮೇಲುಗಡೆ ಇರುತ್ತವೆ. ಎಂಜಿನ್ ಎತ್ತರ ಆಯಿತು, ಅದಕ್ಕೇ ಬಾನೆಟ್ಟೂ ಎತ್ತರ. ಆ ಎತ್ತರದ ಬಾನೆಟ್ ಇಲ್ಲದಿದ್ದರೆ ಅದು ನಮ್ಮ ಜೀಪ್ ಅಲ್ಲವೇ ಅಲ್ಲ. ಬಳ್ಳಾರಿಯಲ್ಲಿ ಇನ್ನೂ ಓಡುತ್ತಿರುವ ಒಂದು ಜೀಪ್ ಹುಡುಕಿ, ಅದರ ಮಾಲೀಕರನ್ನು ಕೇಳಿಕೊಂಡು, ಟೇಪ್ ಹಿಡಿದು ಅಳೆದೆ. ಪ್ರತಿ ಅಳತೆಯನ್ನೂ 24ರಿಂದ ಭಾಗಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಶೀಟಿನಲ್ಲಿ ಬಾನೆಟ್ ಕಟ್ಟಿದೆ. ಪುಟ್ಟಿ ಹಾಕಿ, ವಾಟರ್ ಪೇಪರಿನಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ತಪ್ಪು ಕಂಡರೆ ಮತ್ತೆ ಪುಟ್ಟಿ. ಗ್ರಿಲ್ಲಿಗೆ ಪ್ರತಿ ಸೀಳಿನ ಮೇಲೊಂದು ಕೆಳಗೊಂದು ತೂತು ಕೊರೆದು, ನಡುವೆ ಸೂಜಿ ಅರದಲ್ಲಿ ಅರೆದೆ. ಮೂರು ಗ್ರಿಲ್ ಕೆಟ್ಟವು. ನಾಲ್ಕನೆಯದರಲ್ಲಿ ಏಳೂ ಸೀಳು ಒಂದೇ ಅಳತೆಗೆ ಬಂದವು. ಬಾನೆಟ್ಟು ಗ್ರಿಲ್ಲು ಎರಡಕ್ಕೇ ಆರು ವಾರ ಹಿಡಿಯಿತು.

ಆ ಮೂಲ ಬಾನೆಟ್ಟು ಗ್ರಿಲ್ಲು ಬಹಳ ನಾಜೂಕು. ಅವನ್ನೇ ಜೀಪಿಗೆ ಕೂರಿಸದೆ, ಅವುಗಳಿಂದ ಅಚ್ಚು ತೆಗೆಸಿ ರೆಸಿನ್‌ನಲ್ಲಿ (ಹೊಯ್ದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್) ಎರಕ ಹೊಯ್ಯಿಸೋಣ ಅಂತ ಬೆಂಗಳೂರಿನ ಗೆಳೆಯರಿಗೆ ಕಳಿಸಿದೆ. ಅವರು ಸಿಲಿಕಾನ್ ಅಚ್ಚು ಮಾಡಿ, ಎರಡು ಪ್ರತಿ ಹೊಯ್ದು, ಎಲ್ಲವನ್ನೂ ನಿಮ್ಮ ಕಂಪನಿಯಲ್ಲಿ ವಾಪಸ್ ಕಳಿಸಿದರು. ಮುಂದಿನ ಸಲ ನಾನೇ ಹೊಯ್ದುಕೊಳ್ಳುತ್ತೇನೆ, ಅಚ್ಚನ್ನೂ ಕಳಿಸಿ ಅಂದವನು ನಾನೇ. ಹಾಗೆ ಅಂದಿದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಪಾರ್ಸೆಲ್ ಬಂದದ್ದು ಏಪ್ರಿಲ್ 15ಕ್ಕೆ. ಎರಡು ದಿನದಲ್ಲಿ ಮುಟ್ಟಬೇಕಾದದ್ದು ಆರು ದಿನ ತೆಗೆದುಕೊಂಡಿತು. ನಿಮ್ಮದೇ ಟ್ರ್ಯಾಕಿಂಗ್ ಪ್ರಕಾರ ಅದರಲ್ಲಿ ಮೂರು ದಿನ ಹುಬ್ಬಳ್ಳಿ ಗೋದಾಮಿನಲ್ಲೇ ಇತ್ತು. ಡಬ್ಬಿಯ ಒಂದು ಮೂಲೆ ಪೂರ್ತಿ ಹರಿದಿತ್ತು. ಗೆಳೆಯರು ಸುತ್ತಿದ್ದು ಕಂದು ಟೇಪ್, ಅದರ ಮೇಲೆ ಯಾರೋ ನಿಮ್ಮ ಕಂಪನಿಯ ಹೆಸರಿರುವ ಟೇಪ್ ಸುತ್ತಿದ್ದರು. ಅಂದರೆ ಹರಿದದ್ದು ನಿಮ್ಮವರಿಗೆ ಗೊತ್ತಿತ್ತು. ತೆರೆದು ನೋಡುತ್ತೇನೆ ಅಂದರೆ ತಂದ ಹುಡುಗ ‘ಮೊದಲು ಸೈನ್ ಮಾಡಿ ಅಣ್ಣ, ಲೇಟಾಗ್ತದೆ’ ಅಂದ. ನಾನು ಸೈನ್ ಪಕ್ಕದಲ್ಲೇ ‘ಹರಿದ ಸ್ಥಿತಿಯಲ್ಲಿ’ ಅಂತ ಬರೆದೆ. ಆ ಹಾಳೆ ನಿಮ್ಮ ಹತ್ತಿರವೇ ಇದೆ, ತೆಗೆದು ನೋಡಿ. ಬುಕ್ ಮಾಡಿದಾಗಿನ ತೂಕ 620 ಗ್ರಾಂ, ರಸೀದಿಯಲ್ಲಿದೆ. ಅವತ್ತೇ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟೆ. 340 ಗ್ರಾಂ. ಮೂಲ ಬಾನೆಟ್ ಇಲ್ಲ, ಗ್ರಿಲ್ ಇಲ್ಲ, ಅಚ್ಚು ಇಲ್ಲ. ಎರಡು ಪ್ರತಿಗಳು ಇದ್ದವು, ಎರಡೂ ಒಡೆದಿದ್ದವು. ತೆಳು ರೆಸಿನ್ ಬಾಗುವುದಿಲ್ಲ, ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಸೀಳುಗಳ ನಡುವಿನ ಕಡ್ಡಿಗಳು ಪುಡಿಯಾಗಿದ್ದವು. ಅಂಟಿಸೋಣ ಅಂದರೆ ಚೂರುಗಳೂ ಪೂರ್ತಿ ಇಲ್ಲ.

ಈಗ ಏಪ್ರಿಲ್ 26ರ ವಿಷಯ. ಇದನ್ನು ಬಿಡಿಸಿ ಬರೆಯಲೇಬೇಕು. ಆವತ್ತು ನೀವು ಗಾಜಿನ ಕ್ಯಾಬಿನ್ ಒಳಗೆ ಇದ್ದಿರಿ, ಅರ್ಧ ಮಾತ್ರ ಕೇಳಿರುತ್ತೀರಿ.

ಬೆಳಿಗ್ಗೆ ಹನ್ನೊಂದರ ಸುಮಾರು. ನನ್ನ ಹಿಂದೆ ಐದಾರು ಜನ ನಿಂತಿದ್ದರು. ಒಡೆದ ಚೂರುಗಳನ್ನು ಪೇಪರಿನಲ್ಲಿ ಸುತ್ತಿ ತಂದಿದ್ದೆ. ಕೌಂಟರಿನ ಮೇಲೆ ಬಿಚ್ಚಿಟ್ಟೆ. ನಿಮ್ಮ ಸಿಬ್ಬಂದಿ ಪೆನ್ನಿನ ತುದಿಯಲ್ಲಿ ಅದನ್ನು ಕೆದಕಿದರು. ಬೆರಳು ಹಚ್ಚಲಿಲ್ಲ.

‘ಏನಣ್ಣ ಇದು?’

‘ಜೀಪಿನ ಬಾನೆಟ್ ಸಾರ್.’

ಅವರು ನನ್ನ ಹಿಂದೆ ನಿಂತವರ ಕಡೆ ನೋಡಿ, ‘ಜೀಪಿನ ಬಾನೆಟ್ ಅಂತೆ’ ಅಂದರು. ಯಾರೋ ನಕ್ಕರು.

‘ಮಗನದಾ?’

‘ಅಲ್ಲ, ನನ್ನದೇ.’

‘ನಿಮ್ಮದಾ? ಇಷ್ಟು ದೊಡ್ಡೋರಾಗಿ ಆಟದ ಸಾಮಾನಿಗೆ ಮೂರು ಸಲ ಫೋನ್ ಮಾಡಿದ್ರಾ? ಬಿಲ್ ಇದೆಯಾ?’

‘ಇದಕ್ಕೆ ಬಿಲ್ ಇರೋದಿಲ್ಲ. ನಾನೇ ಕೈಯಲ್ಲಿ ಮಾಡಿದ್ದು.’

‘ಬಿಲ್ ಇಲ್ಲ ಅಂದ್ರೆ ಬೆಲೆನೂ ಇಲ್ಲಣ್ಣ.’

ನಾನು ರಸೀದಿ ತೋರಿಸಿದೆ. ಅದರಲ್ಲಿ ಸಾಮಾನಿನ ಬೆಲೆ 2,500 ರೂಪಾಯಿ ಅಂತ ಬರೆದಿದೆ. ಆ ಬೆಲೆಯ ಮೇಲೆ ನಿಮ್ಮವರು ಜಾಸ್ತಿ ಚಾರ್ಜ್ ಕೂಡ ತೆಗೆದುಕೊಂಡಿದ್ದಾರೆ. ಅವರು ರಸೀದಿಯನ್ನು ಹಿಂದಕ್ಕೆ ತಳ್ಳಿ, ‘ಇದು ನೀವು ಬರೆಸಿದ್ದು. ನಾಳೆ ನಾನು ಈ ಪೆನ್ನಿಗೆ ಲಕ್ಷ ಅಂತ ಬರೆಸ್ತೀನಿ, ಕೊಡ್ತಾರಾ?’ ಅಂದರು. ಮತ್ತೆ ನಗು. ಆಗ ಕ್ಯಾಬಿನ್ನಿನಿಂದ ನಿಮ್ಮ ದನಿ ಬಂತು. ‘ಯಾರದು? ಆ ಆಟಿಕೆ ಕೇಸಾ? ನೂರು ರೂಪಾಯಿ ಕೊಟ್ಟು, ಸೈನ್ ಹಾಕಿಸ್ಕೊಂಡು ಕಳಿಸು.’

ಅವರು ಡ್ರಾಯರಿನಿಂದ ನೂರರ ನೋಟು ತೆಗೆದು ನನ್ನ ಚೂರುಗಳ ಮೇಲೆಯೇ ಇಟ್ಟರು. ‘ತಗೊಳ್ಳಿ ಅಣ್ಣ. ಬೆಂಗಳೂರು ರೋಡ್ ಅಂಗಡೀಲಿ ಇದಕ್ಕಿಂತ ಚೆನ್ನಾಗಿರೋ ಕಾರ್ ಸಿಗ್ತದೆ. ಲೈಟೂ ಹತ್ತುತ್ತೆ.’

ನಾನು ನೋಟು ಮುಟ್ಟಲಿಲ್ಲ. ಚೂರುಗಳನ್ನು ಮತ್ತೆ ಪೇಪರಿನಲ್ಲಿ ಸುತ್ತುವಾಗ ಒಂದು ಚೂರು ಕೆಳಗೆ ಬಿತ್ತು. ಹೆಡ್‌ಲೈಟ್ ಪಕ್ಕದ ಅಂಚು, ಅಕ್ಕಿಕಾಳಿನಷ್ಟು. ನಾನು ಬಗ್ಗಿ, ಮೊಣಕಾಲೂರಿ ಹುಡುಕುತ್ತಿದ್ದೆ. ಮೇಲಿಂದ ಅವರು ಹೇಳಿದರು: ‘ಬಿಡಿ ಅಣ್ಣ, ಕಸ ಗುಡಿಸೋರು ಬರ್ತಾರೆ.’ ಸಾಲಿನಲ್ಲಿ ನಮ್ಮ ಗ್ಯಾರೇಜಿಗೆ ಬರುವ ಗಿರಾಕಿಯೊಬ್ಬರು ನಿಂತಿದ್ದರು. ಹೋದ ತಿಂಗಳೇ ಅವರ ಕಾರಿನ ಬಾಗಿಲು ಸರಿ ಮಾಡಿಕೊಟ್ಟಿದ್ದೆ. ಅವರು ನನ್ನನ್ನು ನೋಡದ ಹಾಗೆ ಮುಖ ತಿರುಗಿಸಿದರು. ನನಗೆ ನಾಚಿಕೆ ಆಗಬಾರದು ಅಂತ ಹಾಗೆ ಮಾಡಿರಬೇಕು. ಆ ಚೂರು ಸಿಗಲಿಲ್ಲ. ನಾನು ಎದ್ದು ಬಂದೆ.

ನಾನು ಕಳಿಸಿದ್ದು ಆಟಿಕೆಯೇ ಅಂತ ಇಟ್ಟುಕೊಳ್ಳೋಣ. ಆಟಿಕೆ ಆದರೆ ಕಳೆಯಬಹುದಾ? ಅದು ಪೂರ್ತಿ ಇಲ್ಲದ ಕಿಟ್‌ನ ಭಾಗ, ‘ಮೊದಲೇ ಅರ್ಧ ಇಲ್ಲವಲ್ಲ, ಇನ್ನಷ್ಟು ಹೋದರೇನು’ ಅಂತ ಫೋನಿನಲ್ಲಿ ಒಬ್ಬರು ಹೇಳಿದರು. ನಮ್ಮ ಗ್ಯಾರೇಜಿಗೆ ಮೂವತ್ತು ವರ್ಷದ ಗಾಡಿ ಬರುತ್ತದೆ. ಕನ್ನಡಿ ಇರುವುದಿಲ್ಲ, ಬಂಪರ್ ಇರುವುದಿಲ್ಲ. ಏನಿದೆ ಏನಿಲ್ಲ ಅಂತ ಚೀಟಿಯಲ್ಲಿ ಬರೆದುಕೊಂಡೇ ಒಳಗೆ ಬಿಡುತ್ತೇವೆ. ಇದ್ದದ್ದರಲ್ಲಿ ಒಂದು ನಟ್ಟು ಕಳೆದರೂ ನಾವೇ ಜವಾಬ್ದಾರರು. ಗಾಡಿ ಹಳೆಯದು ಅಂತ ಯಾವ ಗಿರಾಕಿಗೂ ನಾವು ಹಾಗೆ ಹೇಳಿಲ್ಲ.

ನಿಮ್ಮ ರಸೀದಿಯ ಹಿಂದೆ ಏನು ಅಚ್ಚಾಗಿದೆ ಅಂತ ನಿಮಗೇ ಗೊತ್ತು. ನೂರು ರೂಪಾಯಿ ಅನ್ನುವುದು ಬೆಲೆ ಬರೆಸದ ಪಾರ್ಸೆಲ್‌ಗೆ. ಬೆಲೆ ಬರೆಸಿ ಜಾಸ್ತಿ ಚಾರ್ಜ್ ಕಟ್ಟಿದ್ದಕ್ಕೆ ಬರೆಸಿದ ಬೆಲೆಯನ್ನೇ ಕೊಡಬೇಕು. ಅಂಗಡಿ ಬಿಲ್ ತರಬೇಕು ಅಂತ ಅಲ್ಲಿ ಎಲ್ಲೂ ಇಲ್ಲ. 2,500 ಅನ್ನುವುದು ಅಚ್ಚಿನ ಸಿಲಿಕಾನ್, ರೆಸಿನ್, ಪ್ಲಾಸ್ಟಿಕ್ ಶೀಟಿಗೆ ಆದ ಖರ್ಚು ಮಾತ್ರ. ನನ್ನ ಆರು ವಾರದ ರಾತ್ರಿಗಳಿಗೆ ನಾನು ಬೆಲೆ ಹಾಕಿಲ್ಲ.

ನನಗೆ ಮೊದಲು ಬೇಕಾದದ್ದು ದುಡ್ಡಲ್ಲ. ಹುಬ್ಬಳ್ಳಿ ಗೋದಾಮಿನಲ್ಲಿ ಹುಡುಕಿಸಿ. ಸೋಪಿನ ಪೆಟ್ಟಿಗೆಯಷ್ಟು ದೊಡ್ಡದಾದ, ತಿಳಿ ನೀಲಿ ಬಣ್ಣದ, ರಬ್ಬರಿನಂಥ ಗಟ್ಟಿ ತುಂಡೊಂದಿದೆ, ಅದೇ ಅಚ್ಚು. ಬೂದು ಪ್ರೈಮರ್ ಹೊಡೆದ ಬಾನೆಟ್ಟು ಗ್ರಿಲ್ಲು ಹತ್ತಿಯಲ್ಲಿ ಸುತ್ತಿ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದವು. ನೋಡಿದವರು ಕಸ ಅಂದುಕೊಂಡು ಮೂಲೆಗೆ ಎಸೆದಿರಬಹುದು. ಅಚ್ಚು ಒಂದು ಸಿಕ್ಕರೂ ಸಾಕು, ನಾನು ಮತ್ತೆ ಹೊಯ್ಯುತ್ತೇನೆ. ಸಿಗದಿದ್ದರೆ ಬರೆಸಿದ ಬೆಲೆ 2,500 ರೂಪಾಯಿಯನ್ನೂ ಕೊರಿಯರ್ ಚಾರ್ಜನ್ನೂ ಕೊಡಿ. ಜೊತೆಗೆ ‘ನಮ್ಮಿಂದ ತಪ್ಪಾಗಿದೆ’ ಅಂತ ಬರೆದು, ಕೆಳಗೆ ನೀವು ಸೈನ್ ಮಾಡಿ ಕೊಡಿ.

ಹದಿನೈದು ದಿನ ಕಾಯುತ್ತೇನೆ. ಸರಕು ಸಾಗಣೆಯ 2007ರ ಕಾಯ್ದೆ ಪ್ರಕಾರ ಬುಕ್ ಆದ 180 ದಿನದೊಳಗೆ ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು. ಈ ಪತ್ರವೇ ಆ ನೋಟಿಸ್ ಅಂತ ತಿಳಿಯಿರಿ. ಆಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಅಲ್ಲೂ ಆಗದಿದ್ದರೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದವರೆಗಿನ ಕೇಸಿಗೆ ಅಲ್ಲಿ ಫೀ ಇಲ್ಲ, ದೂರು ಕೊಡಲು ಎರಡು ವರ್ಷ ಸಮಯವಿದೆ. ನನಗೆ ಓಡಾಡುವುದು ಕಷ್ಟವೇನಲ್ಲ. ಆ ಚೂರುಗಳನ್ನು ಅದೇ ಪೇಪರಿನಲ್ಲಿ ಸುತ್ತಿ ಅಲ್ಲಿಯ ಮೇಜಿನ ಮೇಲೆ ಬಿಚ್ಚಿಡುತ್ತೇನೆ. ಅವತ್ತು ಕ್ಯಾಬಿನ್ನಿನಿಂದ ಏನು ಹೇಳಿದಿರೋ ಅದನ್ನೇ ಅಲ್ಲಿ ಎಲ್ಲರ ಮುಂದೆ ಹೇಳಿ.

ಇನ್ನೊಂದು ವಿಷಯ. ನಮ್ಮ ಸಾಲಿನಲ್ಲಿ ಹನ್ನೊಂದು ಗ್ಯಾರೇಜುಗಳಿವೆ. ಬೇರಿಂಗ್, ಹೆಡ್‌ಲೈಟ್, ಗಾಜು ಎಲ್ಲ ಬೆಂಗಳೂರಿಂದ, ಹುಬ್ಬಳ್ಳಿಯಿಂದ ನಿಮ್ಮ ಮೂಲಕವೇ ತರಿಸುತ್ತಿದ್ದೆವು. ಮೊನ್ನೆ ಸಂಜೆ ಎಲ್ಲರೂ ಚಹಾಕ್ಕೆ ಸೇರಿದಾಗ ನಡೆದದ್ದನ್ನು ಹೇಳಿದೆ. ಏಳು ಜನ ಅವತ್ತೇ ಬೇರೆ ಕೊರಿಯರ್‌ಗೆ ಬದಲಾಗಿದ್ದಾರೆ. ಉಳಿದ ನಾಲ್ವರು ನಿಮ್ಮ ಉತ್ತರ ಏನು ಬರುತ್ತದೆ ಅಂತ ನೋಡುತ್ತಿದ್ದಾರೆ. ಈ ಪತ್ರದ ಒಂದು ಪ್ರತಿಯನ್ನು ನಮ್ಮ ಗ್ಯಾರೇಜಿನ ಗೋಡೆಗೆ ಅಂಟಿಸಿದ್ದೇನೆ. ನಿಮ್ಮ ಉತ್ತರ ಬಂದ ದಿನ ಅದನ್ನೂ ಪಕ್ಕದಲ್ಲೇ ಅಂಟಿಸುತ್ತೇನೆ. ಬರದಿದ್ದರೆ ಆ ಜಾಗ ಖಾಲಿಯೇ ಇರುತ್ತದೆ, ಬಂದು ಹೋಗುವ ಗಿರಾಕಿಗಳೆಲ್ಲ ನೋಡುತ್ತಾರೆ.

ಇಂತಿ,
ಟಿಂಕರಿಂಗ್ ಕೆಲಸಗಾರ,
ಕೌಲ್ ಬಜಾರ್, ಬಳ್ಳಾರಿ

ಲಗತ್ತು: ರಸೀದಿಯ ಎರಡೂ ಬದಿಯ ಜೆರಾಕ್ಸ್, ಹರಿದ ಡಬ್ಬಿ ಮತ್ತು ಎರಡು ಟೇಪ್‌ಗಳ ಫೋಟೋ, ಮೂಲ ಬಾನೆಟ್ ಕಳಿಸುವ ಮುಂಚೆ ಸ್ಕೇಲ್ ಪಕ್ಕದಲ್ಲಿಟ್ಟು ತೆಗೆದ ಫೋಟೋ.