ಲೈನ್ ಮನೆಯ ಮಕ್ಕಳಿಗೂ ಜಂತುಹುಳು ಮಾತ್ರೆ ಸಿಗಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಕಾರರ ಸಾಲುಮನೆಗಳಲ್ಲಿ, ಇರುವ ಮಕ್ಕಳ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಸರ್ಕಾರ ಪುಕ್ಕಟೆ ಕೊಡುವ ಜಂತುಹುಳು ಮಾತ್ರೆ ಇವರಲ್ಲಿ ಎಷ್ಟೋ ಮಕ್ಕಳಿಗೆ ಸಿಗದೇ ಹೋಗುತ್ತಿದೆ. ಸಿಗುವ ಹಾಗೆ ಮಾಡುವುದು ತಮ್ಮ ಇಲಾಖೆಗೆ ಕಷ್ಟವೇನಲ್ಲ.

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಶುರುವಾದದ್ದು 2015ರಲ್ಲಿ. ಫೆಬ್ರವರಿ 10 ಮತ್ತು ಆಗಸ್ಟ್ 10, ವರ್ಷಕ್ಕೆ ಎರಡು ಸುತ್ತು. 1ರಿಂದ 19 ವರ್ಷದೊಳಗಿನವರಿಗೆ ಅಲ್ಬೆಂಡಜೋಲ್ ಮಾತ್ರೆ. ಎರಡು ವರ್ಷ ತುಂಬದ ಮಗುವಿಗೆ ಅರ್ಧ, ಉಳಿದವರಿಗೆ 400 ಮಿ.ಗ್ರಾಂ.ನ ಒಂದು ಪೂರ್ತಿ ಮಾತ್ರೆ. ಅಂದು ತಪ್ಪಿದವರಿಗೆ ಒಂದು ವಾರ ಬಿಟ್ಟು ಇನ್ನೊಂದು ಅವಕಾಶ. ನಮ್ಮ ಕಡೆಯ ಅಂಗನವಾಡಿ ಕಾರ್ಯಕರ್ತೆಯರು ಇದನ್ನು ಎಷ್ಟು ಜೋಪಾನವಾಗಿ ಮಾಡುತ್ತಾರೆ ಎಂದು ಕಣ್ಣಾರೆ ನೋಡಿದ್ದೇನೆ. ಎರಡು ಚಮಚದ ನಡುವೆ ಮಾತ್ರೆ ಇಟ್ಟು ಪುಡಿ ಮಾಡುತ್ತಾರೆ. ನೀರಲ್ಲಿ ಕಲಸಿ ಮಗುವಿಗೆ ಕುಡಿಸುತ್ತಾರೆ. ನುಂಗಿದೆಯಾ ಎಂದು ಬಾಯಿ ತೆಗೆಸಿ ನೋಡಿದ ಮೇಲೇ ರಿಜಿಸ್ಟರಿನಲ್ಲಿ ಗುರುತು ಹಾಕುತ್ತಾರೆ.

ಆದರೆ ಆ ರಿಜಿಸ್ಟರಿನಲ್ಲಿ ಹೆಸರೇ ಇಲ್ಲದ ಮಕ್ಕಳು?

ಫೆಬ್ರವರಿ ಅಂದರೆ ಇಲ್ಲಿ ರೋಬಸ್ಟಾ ಕಾಫಿ ಕುಯ್ಲಿನ ಸಮಯ. ಅಸ್ಸಾಂನಿಂದ, ಬೇರೆ ಜಿಲ್ಲೆಗಳಿಂದ ಕೂಲಿಗೆ ಬಂದ ಕುಟುಂಬಗಳು ಲೈನ್ ಮನೆಗಳಲ್ಲಿರುತ್ತವೆ. ಒಂದು ತೋಟದ ಕುಯ್ಲು ಮುಗಿದರೆ ಇನ್ನೊಂದಕ್ಕೆ ಹೋಗುತ್ತವೆ. ಮಕ್ಕಳನ್ನು ಶಾಲೆಗೆ ಸೇರಿಸುವುದು ಹೇಗೆ? ದೊಡ್ಡ ಮಗು ಚಿಕ್ಕದನ್ನು ನೋಡಿಕೊಳ್ಳುತ್ತಾ ಗಿಡದ ಬುಡದಲ್ಲಿ ಕೂತಿರುತ್ತದೆ. ಇಬ್ಬರ ಕಾಲಿನಲ್ಲೂ ಚಪ್ಪಲಿ ಇರುವುದಿಲ್ಲ.

ಜಂತುಹುಳುಗಳಲ್ಲಿ ಒಂದಾದ ಕೊಕ್ಕೆ ಹುಳುವಿಗೆ ಇಷ್ಟು ಸಾಕು. ಬಯಲಲ್ಲಿ ಬಿದ್ದ ಮಲದಿಂದ ಅದರ ಮೊಟ್ಟೆ ಮಣ್ಣು ಸೇರುತ್ತದೆ. ನೆರಳು, ತೇವ, ಬೆಚ್ಚಗಿನ ಮಣ್ಣು ಸಿಕ್ಕರೆ ಮರಿ ಹೊರಬರುತ್ತದೆ. ಕಾಫಿ ತೋಟದಲ್ಲಿ ಈ ಮೂರಕ್ಕೂ ಕೊರತೆಯಿಲ್ಲ. ಮರಿಹುಳು ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ. ರಕ್ತದ ಜೊತೆ ಶ್ವಾಸಕೋಶ ಸೇರಿ, ಗಂಟಲಿಗೆ ಬಂದು, ನುಂಗಿದಾಗ ಕರುಳಿಗೆ ಇಳಿಯುತ್ತದೆ. ಅಲ್ಲಿ ಗೋಡೆ ಕಚ್ಚಿಕೊಂಡು ದಿನಾ ರಕ್ತ ಹೀರುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಆಡಲು ಹೋದರೆ ಬೇಗ ಸುಸ್ತಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದಷ್ಟೂ ಹುಳುವಿನಿಂದಲ್ಲ, ಊಟದ ಕೊರತೆಯೂ ಇದೆ. ಆದರೆ ಮೊದಲೇ ಕಡಿಮೆ ಇರುವ ರಕ್ತವನ್ನು ಹುಳುವೂ ಕುಡಿದರೆ ಆ ಮಗುವಿಗೆ ಉಳಿಯುವುದೇನು?

ಶಾಲೆಗೆ ಹೋಗದ ಮಕ್ಕಳನ್ನು ಆಶಾ ಕಾರ್ಯಕರ್ತೆಯರು ಅಂಗನವಾಡಿಗೆ ಕರೆತರಬೇಕು ಎಂದು ಕಾರ್ಯಕ್ರಮದಲ್ಲೇ ಹೇಳಿದೆ, ಗೊತ್ತು. ಆದರೆ ಲೈನ್ ಮನೆ ರಸ್ತೆಯಿಂದ ತುಂಬಾ ಒಳಗಿರುತ್ತದೆ. ಗೇಟು ದಾಟಬೇಕು, ಆನೆಯ ಭಯ ಬೇರೆ. ಅಪ್ಪ ಅಮ್ಮ ಹಗಲಿಡೀ ಕುಯ್ಲಿನಲ್ಲಿರುತ್ತಾರೆ. ಸಿಕ್ಕರೂ ಭಾಷೆ ಬರುವುದಿಲ್ಲ. ಯಾರೋ ಬಂದು ಚೆನ್ನಾಗಿರುವ ಮಗುವಿಗೆ ಮಾತ್ರೆ ನುಂಗಿಸುತ್ತೇನೆ ಅಂದರೆ ಯಾವ ತಾಯಿ ಒಪ್ಪುತ್ತಾಳೆ? ಇದರಲ್ಲಿ ಆಕೆಯ ತಪ್ಪೇನೂ ಇಲ್ಲ. ಹೊಟ್ಟೆಯಲ್ಲಿ ಹುಳು ಜಾಸ್ತಿ ಇದ್ದರೆ ಮಾತ್ರೆ ತಿಂದ ಮೇಲೆ ಸ್ವಲ್ಪ ಹೊಟ್ಟೆನೋವು, ವಾಂತಿ ಬರಬಹುದು, ಬೇಗ ಸರಿಹೋಗುತ್ತದೆ ಎಂದು ಆಕೆಯ ಭಾಷೆಯಲ್ಲೇ ಮೊದಲು ಹೇಳಬೇಕು. ಹೇಳದಿದ್ದರೆ ಒಂದು ಮಗು ವಾಂತಿ ಮಾಡಿಕೊಂಡರೂ ಸಾಕು, ಮುಂದಿನ ಸಲ ಇಡೀ ಲೈನ್ ಬಾಗಿಲು ಹಾಕಿಕೊಳ್ಳುತ್ತದೆ.

ಅದಕ್ಕೇ ತಮ್ಮಲ್ಲಿ ಕೇಳುವುದು ಇಷ್ಟು. ಮಾತ್ರೆಯನ್ನು ತೋಟದ ಒಳಗೇ ಕಳಿಸಿ. ಶಾಲೆಯ ಸುತ್ತು ಮುಗಿದ ಮೇಲೆ ಬರುವ ವಾರದ ರಜೆಯ ದಿನ ಇದಕ್ಕೆ ಸರಿ, ಅವತ್ತು ಎಲ್ಲರೂ ಲೈನಿನಲ್ಲೇ ಇರುತ್ತಾರೆ. ಆಶಾ ಕಾರ್ಯಕರ್ತೆಗೆ ಜೀಪು ಕೊಡಿ, ಬಾಡಿಗೆಯನ್ನು ಆಕೆಯ ಕೈಯಿಂದ ಕಟ್ಟಿಸಬೇಡಿ. ಜೊತೆಗೆ ಆ ಕೂಲಿಕಾರರ ಭಾಷೆ ಬಲ್ಲ ಒಬ್ಬರಿರಲಿ, ಅವರಲ್ಲೇ ಓದಿದ ಹುಡುಗಿಯರು ಸಿಗುತ್ತಾರೆ. ಮಾತ್ರೆ ಕೊಟ್ಟ ಗುರುತಿಗೆ ತಾಯಿಯ ಕೈಗೆ ಒಂದು ಸಣ್ಣ ಚೀಟಿ ಕೊಡಿ. ಮುಂದಿನ ತೋಟಕ್ಕೆ ಹೋದಾಗ ಅದೇ ಮಗುವಿಗೆ ಮತ್ತೆ ಕೊಡುವುದೂ ತಪ್ಪುತ್ತದೆ, ಬಿಟ್ಟುಹೋದ ಮಗು ಯಾವುದೆಂದೂ ತಿಳಿಯುತ್ತದೆ. ಜ್ವರ ಬಂದು ಮಲಗಿರುವ ಮಗುವಿಗೆ ಮಾತ್ರ ಅಂದು ಬೇಡ, ವಾಸಿಯಾದ ಮೇಲೆ ಕೊಡಲಿ.

ಇನ್ನೊಂದು ಮಾತು. ಮಾತ್ರೆ ಒಳಗಿರುವ ಹುಳುವನ್ನು ಕೊಲ್ಲುತ್ತದೆ, ನಾಳೆ ಮಣ್ಣಿನಿಂದ ಬರುವುದನ್ನು ತಡೆಯುವುದಿಲ್ಲ. ದೊಡ್ಡ ತೋಟಗಳಲ್ಲಿ ಕಾರ್ಮಿಕರಿಗೆ ಶೌಚಾಲಯ ಇರಲೇಬೇಕು ಎಂಬುದು 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದ ಕಾನೂನಿನಲ್ಲಿದೆ. ಕಾರ್ಮಿಕ ಇಲಾಖೆಯವರನ್ನು ಕೂರಿಸಿಕೊಂಡು, ನೀರು ಬರುವ ಶೌಚಾಲಯ ಯಾವ ಲೈನಿನಲ್ಲಿದೆ, ಯಾವುದರಲ್ಲಿಲ್ಲ ಎಂದು ಪಟ್ಟಿ ಮಾಡಿಸಿ.

ಕುಯ್ಲಿಗೆ ಜನ ಬರುವುದು ಡಿಸೆಂಬರಿನಿಂದಲೇ ಶುರು. ಫೆಬ್ರವರಿಯ ಸುತ್ತಿಗೆ ಲೈನ್ ಮನೆಗಳ ಪಟ್ಟಿ ಜನವರಿ ಮುಗಿಯುವುದರೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕೈಯಲ್ಲಿರಬೇಕು. ಆ ಆದೇಶವನ್ನು ತಾವು ಈಗಲೇ ಹೊರಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೊಡಗಿನ ಒಬ್ಬ ಶಾಲಾ ಶಿಕ್ಷಕಿ