ಶಿಶುವಿಹಾರದ ಆಟದಂಗಳಕ್ಕಾಗಿ ದೇಣಿಗೆ ಮನವಿ

ಮಾನ್ಯರೇ,

ನಮ್ಮ ವಿದ್ಯಾಸಂಸ್ಥೆಯ ಶಿಶುವಿಹಾರದಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ಕಲಿಯುತ್ತಿದ್ದಾರೆ. ಕೊಠಡಿ, ಪುಸ್ತಕ, ಕುಡಿಯುವ ನೀರು ಯಾವುದಕ್ಕೂ ಕೊರತೆಯಿಲ್ಲ. ಇವೆಲ್ಲವೂ ಊರಿನವರ ಮತ್ತು ಹಳೆಯ ವಿದ್ಯಾರ್ಥಿಗಳ ಕೊಡುಗೆಯಿಂದಲೇ ಒದಗಿಬಂದಿವೆ. ಕಟ್ಟಡದ ಹಿಂದಿನ ಅಂಗಳ ಮಾತ್ರ ಜಲ್ಲಿಕಲ್ಲು ತುಂಬಿ, ಬೇಸಿಗೆಯಲ್ಲಿ ಕಾದು, ಮಳೆಗಾಲದಲ್ಲಿ ನೀರು ನಿಂತು, ಎಳೆಯ ಮಕ್ಕಳು ಕಾಲಿಡಲಾಗದ ಸ್ಥಿತಿಯಲ್ಲಿದೆ. ಅದನ್ನು ಆಟದಂಗಳವನ್ನಾಗಿ ಮಾಡಲು ತಮ್ಮ ನೆರವು ಕೋರಿ ಈ ಮನವಿ ಸಲ್ಲಿಸುತ್ತಿದ್ದೇವೆ.

ಮಕ್ಕಳು ಮನೆಗೆ ಹೋದ ಮೇಲೆ ಆಡಿಕೊಳ್ಳುವುದಿಲ್ಲವೇ, ಶಾಲೆ ಅದಕ್ಕಾಗಿ ಹಣ ಖರ್ಚು ಮಾಡಬೇಕೇ ಎಂದು ಕೆಲವು ಪೋಷಕರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಬೀದಿಯನ್ನು ವಾಹನಗಳು ಆಕ್ರಮಿಸಿವೆ, ಮನೆಯೊಳಗೆ ಮೊಬೈಲ್ ಕೈಗೆ ಸಿಗುವಂತಿದೆ. ಮೂರು, ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ, ಆಟ, ಚಟುವಟಿಕೆಯಲ್ಲಿರಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥ ಆಟವಿರಬೇಕು, ಪರದೆಯ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮಾರ್ಗಸೂಚಿ ನೀಡಿದೆ. ಮಿದುಳಿನ ಒಟ್ಟು ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಇಂಥ ವಯಸ್ಸಿನಲ್ಲಿ ಮಗುವನ್ನು ಬೆಂಚಿನ ಮೇಲೆ ಕೂರಿಸಿ ಅಕ್ಷರ ತಿದ್ದಿಸುವುದಷ್ಟನ್ನೇ ಶಿಕ್ಷಣವೆಂದು ಒಪ್ಪಲು ನಮಗೆ ಮನಸ್ಸಾಗದು.

ನಮ್ಮ ಶಿಕ್ಷಕಿಯರು ಈಗ ಮುಂದಿನ ಜಗಲಿಯಲ್ಲಿ ಸುಣ್ಣದ ಗೆರೆ ಎಳೆದು ಕೆರೆ-ದಡ ಆಡಿಸುತ್ತಾರೆ. ‘ಕೆರೆ, ದಡ, ಕೆರೆ, ದಡ’ ಎಂದು ಲಯ ಹಿಡಿದು ಕೂಗುತ್ತಿದ್ದವರು ಥಟ್ಟನೆ ‘ದಡ, ದಡ’ ಎಂದಾಗ ಮೂರು ವರ್ಷದ ಮಗು ಯೋಚಿಸದೆ ಕೆರೆಗೆ ಹಾರಿಬಿಡುತ್ತದೆ. ಐದು ವರ್ಷದ ಮಗು ಎತ್ತಿದ ಕಾಲನ್ನು ತಡೆದು, ತೋಳು ಚಾಚಿ, ಬೀಳುವಂತೆ ತೂಗಾಡಿ, ಕೊನೆಗೆ ದಡದಲ್ಲೇ ನಿಲ್ಲುತ್ತದೆ. ಹಾರಬೇಕೆನಿಸಿದಾಗ ಹಾರದೆ ನಿಲ್ಲುವ ಈ ಹಿಡಿತವೇ ಸಿಟ್ಟು ಬಂದಾಗ ಹೊಡೆಯದಿರಲು, ತನ್ನ ಸರದಿಗೆ ಕಾಯಲು, ಅತ್ತು ಸಮಾಧಾನ ಮಾಡಿಕೊಳ್ಳಲು ಬೇಕಾದ ಹಿಡಿತ. ಇಂಥದೇ ಹಿಡಿತ ಬೇಡುವ, ಹೇಳಿದ ಮಾತಿಗೆ ವಿರುದ್ಧವಾಗಿ ದೇಹವನ್ನು ಅಲುಗಿಸಬೇಕಾದ ಆಟಗಳನ್ನು ಮನಶ್ಶಾಸ್ತ್ರಜ್ಞರು ಮಕ್ಕಳ ಸ್ವನಿಯಂತ್ರಣ ಅಳೆಯಲು ಬಳಸುತ್ತಾರೆ. ಕಣ್ಣಾಮುಚ್ಚಾಲೆಯಲ್ಲಿ ಎದುರಿನವರ ಮನಸ್ಸನ್ನು ಊಹಿಸುವುದೂ, ಓಟದಲ್ಲಿ ಬಿದ್ದ ಗೆಳತಿಯ ಮುಖ ನೋಡಿ ಆಟ ನಿಲ್ಲಿಸುವುದೂ ಮಗುವಿಗೆ ಪಾಠವೇ, ಮತ್ತು ಈ ಪಾಠಗಳಿಗೆ ಓಡಲು ಜಾಗ ಬೇಕು.

ಜಲ್ಲಿ ತೆಗೆಸಿ, ಕೆಮ್ಮಣ್ಣು ಹರಡಿ, ನೀರು ಹರಿದುಹೋಗುವಂತೆ ನೆಲಕ್ಕೆ ವಾಟ ಕೊಡಿಸಬೇಕಾಗಿದೆ. ಒಂದು ಮೂಲೆಯಲ್ಲಿ ತೊಳೆದ ಮರಳಿನ ಹೊಂಡ, ಅದಕ್ಕೆ ರಾತ್ರಿ ಮುಚ್ಚಲು ಟಾರ್ಪಾಲು. ಇನ್ನೊಂದೆಡೆ ಅರ್ಧ ಹೂತ ಲಾರಿ ಟಯರುಗಳು, ತಗ್ಗಾದ ಹತ್ತುವ ಏಣಿ, ಗಾಲಿಕುರ್ಚಿಯ ಮಗುವೂ ಬರಲು ಇಳಿಜಾರಿನ ದಾರಿ, ಸುತ್ತಲೂ ನೆರಳಿಗೆ ಹೊಂಗೆ ಸಸಿಗಳು. ಜೋಕಾಲಿ ಎರಡೇ ಸಾಕೆಂದು ಶಿಕ್ಷಕಿಯರು ಒತ್ತಿ ಹೇಳಿದ್ದಾರೆ. ಮಗುವಿಗೊಂದು ಜೋಕಾಲಿಯಿದ್ದರೆ ಯಾರೂ ಯಾರನ್ನೂ ಕೇಳಬೇಕಿಲ್ಲ. ಎರಡೇ ಇದ್ದರೆ ‘ಇನ್ನು ಹತ್ತು ಎಣಿಸುತ್ತೇನೆ, ಆಮೇಲೆ ನನಗೆ ಕೊಡು’ ಎಂದು ಮಕ್ಕಳೇ ಒಪ್ಪಂದಕ್ಕೆ ಬರುತ್ತಾರೆ. ಜಗಳವೂ ಆಗುತ್ತದೆ, ಆಗಲಿ. ಪೆಟ್ಟಾಗದಂತೆ ನೋಡಿಕೊಳ್ಳಲು ಹಿರಿಯರೊಬ್ಬರು ಸದಾ ಅಂಗಳದಲ್ಲಿರುತ್ತಾರೆ.

ಸ್ಮಾರ್ಟ್ ಟಿವಿ ಮತ್ತು ಟ್ಯಾಬ್ ಕೊಡಲು ಮುಂದೆ ಬಂದಿರುವ ದಾನಿಗಳಿಗೆ ನಾವು ಮನಃಪೂರ್ವಕ ಕೃತಜ್ಞರು. ಅದೇ ಮೊತ್ತವನ್ನು ಈ ಅಂಗಳಕ್ಕೆ ನೀಡಬೇಕೆಂದು ಅವರಲ್ಲಿ ವಿನಯದಿಂದ ಕೇಳಿಕೊಳ್ಳುತ್ತೇವೆ.

ಕಾಮಗಾರಿಯ ಅಂದಾಜು ವೆಚ್ಚ 4,80,000 ರೂಪಾಯಿ. ಯಾವ ಮೊತ್ತವಾದರೂ ಸ್ವೀಕಾರಾರ್ಹ. ಹಣದ ಬದಲು ಒಂದು ಲೋಡು ಕೆಮ್ಮಣ್ಣು, ಹಳೆಯ ಟಯರು ಅಥವಾ ಒಂದು ಭಾನುವಾರದ ಶ್ರಮದಾನವನ್ನೂ ಸಂತೋಷದಿಂದ ಬರಮಾಡಿಕೊಳ್ಳುತ್ತೇವೆ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ದೊರೆಯದಿರುವುದರಿಂದ ದಯವಿಟ್ಟು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಕಳುಹಿಸಿ, ಶಾಲಾ ಕಚೇರಿಯಿಂದ ರಸೀದಿ ಪಡೆಯಬೇಕು. ಸಂಸ್ಥೆಗೆ ವಿದೇಶಿ ದೇಣಿಗೆಯ ನೋಂದಣಿ ಇಲ್ಲದ ಕಾರಣ, ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳ ಪೈಕಿ ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಂದ ಮಾತ್ರ ಹಣ ಸ್ವೀಕರಿಸಬಲ್ಲೆವು. ಜಮಾ-ಖರ್ಚಿನ ವಿವರವನ್ನು ಪ್ರತಿ ತಿಂಗಳು ಶಾಲೆಯ ಸೂಚನಾ ಫಲಕದಲ್ಲಿ ಪ್ರಕಟಿಸಲಾಗುವುದು. ಕೊಡುವ ಮುನ್ನ ಅಂಗಳವನ್ನು ಕಣ್ಣಾರೆ ನೋಡಬಯಸುವವರು ಶಾಲಾ ವೇಳೆಯಲ್ಲಿ ಯಾವ ದಿನವಾದರೂ ಬರಬಹುದು. ಮುಖ್ಯ ಶಿಕ್ಷಕಿಯವರು ತಾವೇ ಜೊತೆಗೆ ಬಂದು ತೋರಿಸುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಆಡಳಿತ ಮಂಡಳಿ