ನಿನ್ನೊಲೆಯ ಬೆಂಕಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಮ್ಮಿಬ್ಬರ ನಡುವೆ ನಲವತ್ತು ವರ್ಷಗಳಿಂದ ಬಗೆಹರಿಯದೆ ಉಳಿದಿದ್ದ ವ್ಯಾಜ್ಯವೊಂದು ಕಳೆದ ಭಾನುವಾರ ತೀರ್ಮಾನವಾಯಿತು, ಸೋತವನು ನೀನು. ಚಿಕ್ಕಂದಿನಲ್ಲಿ ನಾವು ರೇಡಿಯೊದಲ್ಲಿ ಕೇಳುತ್ತಿದ್ದ ಆ ಸಿನಿಮಾ ಕ್ಲಬ್ಬು ಹಾಡಿನ ಎರಡನೆಯ ಚರಣದಲ್ಲಿ ಗಾಯಕಿ ಹಾಡುವುದು ‘ನಿನ್ನೊಲೆಯ ಬೆಂಕಿ’ ಅಲ್ಲ, ‘ನಿನ್ನೊಲವ ಬೆಂಕಿ’. ಮಗಳು ಕೊಡಿಸಿದ ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಬೆಂಕಿ ಇರಬೇಕಾದದ್ದು ಒಲೆಯಲ್ಲೇ ಹೊರತು ಒಲವಿನಲ್ಲಲ್ಲ ಎಂದು ನೀನು ಅಂದು ಹೂಡಿದ್ದ ವಾದದಲ್ಲಿ ಇಂದಿಗೂ ಹುಳುಕು ಕಾಣುವುದಿಲ್ಲ, ನಿಜ. ಆದರೆ ಸಿನಿಮಾ ಕವಿಗಳು ಅಡುಗೆಮನೆಯ ನ್ಯಾಯಕ್ಕೆ ತಲೆಬಾಗುವವರಲ್ಲ.

ತಪ್ಪು ನಿನ್ನ ಕಿವಿಯದೂ ಅಲ್ಲ. ನಮ್ಮ ಮನೆಯ ರೇಡಿಯೊದ ಮುಳ್ಳು ಭದ್ರಾವತಿಯ 675 ಮತ್ತು ಧಾರವಾಡದ 765 ಕಿಲೋಹರ್ಟ್ಸ್‌ಗಳ ನಡುವೆಯೇ ತನ್ನ ಆಯುಷ್ಯವನ್ನೆಲ್ಲ ಕಳೆಯಿತು. ಪೆಟ್ಟಿಗೆಯೊಳಗೆ ತರಂಗ ಹಿಡಿಯುವ ಫೆರೈಟ್ ಕಡ್ಡಿ ನಿಲಯದ ದಿಕ್ಕಿಗೆ ಅಡ್ಡಲಾಗಿ ನಿಂತರೆ ಮಾತ್ರ ದನಿ ಸ್ಪಷ್ಟವಾಗುತ್ತಿತ್ತು. ಆ ವಿಜ್ಞಾನ ತಿಳಿಯದ ನಮ್ಮ ತಂದೆ ಅದನ್ನು ಗೂಡಿನಲ್ಲಿ ಓರೆಯಾಗಿಟ್ಟು, ಅದರ ಕಾಲಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗುಡಿಸುವವರು ಯಾರೂ ಅಲುಗಿಸಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಕತ್ತಲಾದ ಮೇಲೆ ಮಧ್ಯಮ ತರಂಗಗಳು ಆಕಾಶದ ಮೇಲ್ಪದರಕ್ಕೆ ತಗುಲಿ ಬಹು ದೂರದಲ್ಲಿ ಇಳಿಯುವುದರಿಂದ, ಯಾವುದೋ ಊರಿನ ತಮಿಳು ನಾಟಕದ ಅಳು ನಮ್ಮ ಪ್ರೇಮಗೀತೆಯ ನಡುವೆ ನುಗ್ಗುತ್ತಿತ್ತು. ಮಳೆಗಾಲದಲ್ಲಿ ಒಂದು ಮಿಂಚು ಹೊಳೆದರೆ ಅರ್ಧ ಸಾಲು ಕರಕರ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಹಾಗೆ ಮುಳುಗಿದ ಜಾಗಗಳಿಗೆ ನಾವೇ ಮಾತು ಹೊಂದಿಸಿಕೊಂಡೆವು, ನಿನ್ನ ಒಲೆಯೂ ಅಂಥದೇ ಒಂದು ತೇಪೆ.

ಆ ಹಾಡುಗಳು ಶ್ರೇಷ್ಠವಾಗಿದ್ದವೆಂದು ಸಾಧಿಸಲು ನಾನು ಹೊರಟಿಲ್ಲ. ಹೂವು ಬಂದರೆ ಮುಂದಿನ ಸಾಲಿನಲ್ಲಿ ನೋವು ಬರಲೇಬೇಕು, ಕಣ್ಣು ಬಂದರೆ ಹೆಣ್ಣು, ಹೆಣ್ಣು ಬಂದರೆ ಹಣ್ಣು. ನಡುವೆ ಅರ್ಥವಿಲ್ಲದ ಒಂದಷ್ಟು ಲಾಲಲಾ. ಇಂಗ್ಲಿಷಿನ ಹುಚ್ಚು ಬೇರೆ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಕ್ಕಾಗಿ ಜಿ.ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ಸ್ವತಃ ರಾಜಕುಮಾರ್ ಅವರೇ ಇಂಗ್ಲಿಷ್ ಪಲ್ಲವಿಯ ಹಾಡೊಂದನ್ನು ಹಾಡಿದಾಗ, ಅದರ ಒಂದು ಪದವೂ ತಿಳಿಯದ ನಾವು ಗದ್ದೆಯ ಬದುವಿನ ಮೇಲೆ ಅದನ್ನು ಕೂಗಿಕೊಂಡು ಓಡಾಡಿದ್ದು ನೆನಪಿದೆಯೇ? ಇಂಗ್ಲಿಷ್ ಪರೀಕ್ಷೆಯಲ್ಲಿ ನಮ್ಮಿಬ್ಬರಿಗೂ ಬಂದ ಅಂಕಗಳನ್ನು ಇಲ್ಲಿ ಬರೆಯುವುದು ಬೇಡ.

ಈಗ ಕೂತು ಕೇಳಿದಾಗ ಬೆರಗಾಗುವುದು ಬೇರೆಯದಕ್ಕೆ. ಆ ಕ್ಲಬ್ಬು ಹಾಡನ್ನೇ ತೆಗೆದುಕೋ. ಪಲ್ಲವಿ ಮುಗಿಯುತ್ತಿದ್ದಂತೆ ಅಕಾರ್ಡಿಯನ್ ಏರುತ್ತದೆ, ಬಾಂಗೋದ ಎರಡು ಪೆಟ್ಟು ಬೀಳುತ್ತವೆ, ಮೂರನೆಯ ಪೆಟ್ಟು ಬೀಳಬೇಕಾದ ಜಾಗದಲ್ಲಿ ಗಾಯಕಿ ಸಣ್ಣಗೆ ಬಿಕ್ಕುತ್ತಾಳೆ. ಆ ಬಿಕ್ಕು ತಾಳಕ್ಕೆ ಕೂದಲೆಳೆಯಷ್ಟೂ ಹಿಂದೆ ಮುಂದೆ ಆಗಿಲ್ಲ. ಆಗೆಲ್ಲ ನಮ್ಮ ಹಾಡುಗಳು ಮದರಾಸಿನ ಸ್ಟುಡಿಯೋಗಳಲ್ಲಿ ಮುದ್ರಣವಾಗುತ್ತಿದ್ದವು. ಪಿಟೀಲಿನ ಸಾಲು, ತಬಲಾ, ಕೊಳಲು, ಹಾಡುವವರು ಎಲ್ಲರೂ ಒಟ್ಟಿಗೆ ಕುಳಿತು ಒಂದೇ ಓಟದಲ್ಲಿ ಮುಗಿಸಬೇಕಾಗಿದ್ದ ಕಾಲ ಅದು. ಕೊನೆಯ ಸಾಲಿನಲ್ಲಿ ಒಬ್ಬ ತಪ್ಪಿದರೂ ಎಲ್ಲರೂ ಮೊದಲಿನಿಂದ ಆರಂಭಿಸಬೇಕಿತ್ತು. ಒಲವಿಗೆ ಬೆಂಕಿ ಹಚ್ಚುವ ಮಾಮೂಲಿ ಸಾಲೊಂದಕ್ಕಾಗಿ ಅಷ್ಟೊಂದು ಜನ ಉಸಿರು ಬಿಗಿಹಿಡಿದು ಕುಳಿತಿದ್ದರಲ್ಲ! 1967ರಲ್ಲಿ ಎಂ. ರಂಗರಾವ್ ಅವರ ಸಂಗೀತದಲ್ಲಿ ಕನ್ನಡಕ್ಕೆ ಬಂದ ಬಾಲಸುಬ್ರಹ್ಮಣ್ಯಂ ಹಾಡಿನ ನಡುವೆ ನಗುವಾಗ, ಆ ನಗುವಿಗೂ ಒಂದು ಶ್ರುತಿ ಇರುತ್ತಿತ್ತು. ಎಲ್.ಆರ್. ಈಶ್ವರಿಯವರ ಕಂಠದಲ್ಲಿ ಲಾಲಲಾ ಎಂಬುದಕ್ಕೂ ಏನೋ ಅರ್ಥವಿದ್ದಂತೆ ಕೇಳಿಸುತ್ತಿತ್ತು. ಆ ಅರ್ಥ ನಮಗೆ ತಿಳಿಯಬಾರದೆಂದೇ ಇರಬೇಕು, ನಿಮ್ಮ ಅಜ್ಜಿ ಎದ್ದು ಬಂದು ದನಿಯನ್ನು ತಗ್ಗಿಸುತ್ತಿದ್ದರು.

ಕೋರಿಕೆಯ ಕಾರ್ಯಕ್ರಮಕ್ಕೆ ನಾವು ಬರೆದ ಕಾರ್ಡುಗಳ ಲೆಕ್ಕ ನಿನ್ನಲ್ಲಿದೆಯೇ? ಕಾರ್ಡಿಗೆ 15 ಪೈಸೆ. ನಾವಿಬ್ಬರೇ ಬರೆದರೆ ಕಿಮ್ಮತ್ತಿಲ್ಲವೆಂದು ನಿನ್ನ ಇಬ್ಬರು ತಂಗಿಯರ, ಇನ್ನೂ ಮಾತು ಬಾರದ ನನ್ನ ತಮ್ಮನ, ಕೊನೆಗೆ ನಿಮ್ಮ ಮನೆಯ ನಾಯಿಯ ಹೆಸರನ್ನೂ ಸೇರಿಸಿದ್ದೆವು. ಒಂದು ಸಂಜೆ ನಮ್ಮ ಸರದಿ ಬಂದೇಬಂತು. ಉದ್ಘೋಷಕರು ನಾಯಿಯ ಹೆಸರನ್ನು ಬಹಳ ಗೌರವದಿಂದ, ಸ್ಪಷ್ಟವಾಗಿ ಓದಿದರು. ನನ್ನ ಹೆಸರನ್ನು ಬಿಟ್ಟರು. ಊರಿನ ಹೆಸರನ್ನು ಬೇರೆ ತಾಲ್ಲೂಕಿಗೆ ಸೇರಿಸಿದರು. ನಾನು ಎರಡು ದಿನ ನಿನ್ನೊಡನೆ ಮಾತು ಬಿಟ್ಟಿದ್ದೆ, ನಾಯಿಯೊಡನೆ ಅದಕ್ಕಿಂತ ಹೆಚ್ಚು.

ಇನ್ನೊಂದು ವಿಷಯವನ್ನೂ ಒಪ್ಪಿಕೊಂಡುಬಿಡುತ್ತೇನೆ. ಕಾಲೇಜಿಗೆ ಬಂದ ಮೇಲೆ ನಾನು ಭಾವಗೀತೆಗಳನ್ನಷ್ಟೇ ಕೇಳುವವನಂತೆ ನಟಿಸಿದೆ. ಸಿನಿಮಾ ಹಾಡು ಗುನುಗಿದರೆ ಹಾಸ್ಟೆಲಿನಲ್ಲಿ ಮರ್ಯಾದೆ ಹೋಗುತ್ತದೆಂಬ ಭಯ. ಆಗ ಶ್ರದ್ಧೆಯಿಂದ ಬಾಯಿಪಾಠ ಮಾಡಿದ ಭಾವಗೀತೆಗಳಲ್ಲಿ ಇಂದು ಪೂರ್ತಿ ನೆನಪಿರುವುದು ಒಂದೋ ಎರಡೋ. ಯಾರೂ ಕಲಿಸದ ಆ ಕ್ಲಬ್ಬು ಹಾಡು ಮಾತ್ರ ಅಕಾರ್ಡಿಯನ್ ಸಮೇತ ಹಾಗೆಯೇ ಇದೆ, ಮೂರನೆಯ ಚರಣವೊಂದನ್ನು ಬಿಟ್ಟು. ಅದು ಶುರುವಾಗುವ ಹೊತ್ತಿಗೆ ಸರಿಯಾಗಿ ವಾರ್ತೆಯ ಸಮಯವಾಗಿ, ಹಾಡಿನ ದನಿ ಇಳಿದುಹೋಗುತ್ತಿತ್ತು. ಅದರಲ್ಲಿ ಏನೋ ದೊಡ್ಡ ರಹಸ್ಯ ಅಡಗಿದೆಯೆಂದು ನಾನು ಇಷ್ಟು ವರ್ಷ ಊಹಿಸಿಕೊಂಡಿದ್ದೆ. ಭಾನುವಾರ ಅದನ್ನೂ ಕೇಳಿದೆ. ಅಲ್ಲಿಯೂ ಹೂವು, ನೋವು.

ಇನ್ನು ಈ ಪತ್ರದ ನಿಜವಾದ ಕಾರಣಕ್ಕೆ ಬರುತ್ತೇನೆ. ಇನ್ನೊಂದು ಹಾಡು ಸಿಗುತ್ತಿಲ್ಲ. ಗಂಡು ದನಿ, ಆರಂಭದಲ್ಲಿ ಸಿಳ್ಳು, ಆಮೇಲೆ ಕುದುರೆಯ ಗೊರಸಿನ ಸದ್ದಿನಂಥ ತಾಳ. ಮಾತು ಒಂದೂ ನೆನಪಿಲ್ಲದ್ದರಿಂದ ಫೋನಿನಲ್ಲಿ ಹುಡುಕಲು ಬರೆಯುವುದಾದರೂ ಏನನ್ನು? ನಿಮ್ಮ ಮನೆಯ ಹಟ್ಟಿಯಲ್ಲಿ ಹಾಲು ಕರೆಯುವಾಗ ನೀನು ಅದನ್ನು ಸಿಳ್ಳು ಹಾಕುತ್ತಿದ್ದೆ, ಹಸು ಕಿವಿ ಅಲ್ಲಾಡಿಸುತ್ತಿತ್ತು. ಮುಂದಿನ ಹಲ್ಲು ಕಟ್ಟಿಸಿಕೊಂಡ ಮೇಲೂ ಸಿಳ್ಳು ಬರುವುದಾದರೆ ವಾಟ್ಸಾಪಿನಲ್ಲಿ ಹಾಕಿ ಕಳಿಸು. ಬರದಿದ್ದರೆ ಗುನುಗಿಯಾದರೂ ಕಳಿಸು, ಮನೆಯವರು ನಕ್ಕರೆ ನಗಲಿ.

ಇಂತು ನಿನ್ನ,
ವ್ಯಾಜ್ಯ ಗೆದ್ದವನು